ಕೊರಗಪ್ಪ ತೋಡಿದ ಕಲ್ಲಿದ್ದಲ ಬಾವಿ

ನೀರಿಗಿಂತ ಪೆಟ್ರೋಲು ಅಗ್ಗವಾಗಿ ಸಿಗುವ ದೇಶದಲ್ಲಿ ಕಲ್ಲಿದ್ದಲು ತೆಗೆಯಲು ಹೊರಟವರನ್ನು ಏನೆಂದು ಕರೆಯಬೇಕು? ಕೈಯಲ್ಲಿ ದುಡ್ಡಿಲ್ಲದಿದ್ದರೆ ಹುಚ್ಚರು ಎನ್ನಬಹುದಿತ್ತು. ದುಡ್ಡಿತ್ತು, ಹಾಗಾಗಿ ಕಂಪೆನಿ ಎಂದರು. ಒಮಾನಿನ ಸೂರ್ ಪಟ್ಟಣದಿಂದ ಒಳಗೆ ಮೂರು ಗಂಟೆ ಜೀಪಿನಲ್ಲಿ ಕುಂಡೆ ಕುಟ್ಟಿಸಿಕೊಂಡು ಹೋದರೆ ವಾದಿ ಸುಮ್ರ ಎಂಬ ಒಣ ಹೊಳೆ. ಅದರ ದಂಡೆಯಲ್ಲಿ ೧೯೮೩ರಲ್ಲಿ ಆ ಕಂಪೆನಿ ನೆಲದ ಚರ್ಮ ಸುಲಿಯತೊಡಗಿತು. ಸುರಂಗ ಗಿರಂಗ ಏನಿಲ್ಲ. ಆಕಾಶಕ್ಕೆ ಬಾಯಿ ತೆರೆದ ಗುಂಡಿ, ಲಾರಿ ಇಳಿಯುವಷ್ಟು ಅಗಲದ ಮೆಟ್ಟಿಲುಗಳು, ಎಲ್ಲಕ್ಕಿಂತ ಕೆಳಗೆ ಆಳೆತ್ತರದ ಒಂದು ಕರಿ ಪಟ್ಟಿ. ಆ ಕರಿ ಪಟ್ಟಿಗಾಗಿ ಇಷ್ಟೆಲ್ಲ.

ಮ್ಯಾನೇಜರು ಗ್ರಿಮ್‌ಶಾ ಎಂಬ ಇಂಗ್ಲೆಂಡಿನವನು. ಅವನ ಊರಿನಲ್ಲಿ ಆ ಕಾಲಕ್ಕೆ ಗಣಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಅಲ್ಲಿ ಮುಚ್ಚುವುದನ್ನು ನೋಡಲಾರದೆ ಇಲ್ಲಿ ತೆರೆಯಲು ಬಂದಿದ್ದ. ಬಜ್ಪೆಯ ಫಿಲಿಪ್ ಸೈಟ್ ಆಫೀಸಿನ ಗುಮಾಸ್ತ; ಇಂಗ್ಲಿಷ್ ಬಲ್ಲ ಏಕೈಕ ತುಳುವನಾದ್ದರಿಂದ ಎಲ್ಲರ ಬಾಯಿಯೂ ಅವನೇ. ಅಡುಗೆಗೆ ಉಪ್ಪಿನಂಗಡಿಯ ಕುಂಞಮ್ಮದ್. ಆ ಕುಂಞಮ್ಮದ್ ರಜೆಯಲ್ಲಿ ಊರಿಗೆ ಬಂದಿದ್ದಾಗ ವಿಟ್ಲದ ಕಡೆಯ ಕೊರಗಪ್ಪನನ್ನು ಕೇಳಿದ್ದು ಇಷ್ಟೇ: "ಗುಂಡಿ ತೋಡುವ ಕೆಲಸ ಉಂಟು. ಬರ್ತೀಯಾ?"

ಸುಳ್ಳೇನೂ ಹೇಳಿರಲಿಲ್ಲ.

ಕೊರಗಪ್ಪನಿಗೆ ಆಗ ಮೂವತ್ತಾರು ವರ್ಷ. ಅಜ್ಜನ ಕಾಲದಿಂದ ಬಾವಿ ತೋಡುವ ಮನೆತನ. ಅವನೊಬ್ಬನೇ ಆವರೆಗೆ ನಲವತ್ತೆರಡು ಬಾವಿ ತೋಡಿದ್ದ. ಮುರಕಲ್ಲಿನ ನೆಲದ ಮೇಲೆ ಕಿವಿಯಿಟ್ಟು, ಮೂಗು ಏರಿಸಿ, ಉಗುಳಿ, "ಹದಿನಾರು ಕೋಲಿಗೆ ನೀರು" ಅಂದರೆ ಹದಿನಾರೇ. ಇಂಥವನ ಮನೆಗೆ ಬಾವಿ ಇರಲಿಲ್ಲ. ಬಾವಿಗೆ ಜಾಗ ಬೇಕು, ಜಾಗ ಧಣಿಗಳದ್ದು. ಅವನೇ ತೋಡಿದ ಬಾವಿಗಳ ಹಗ್ಗವನ್ನೂ ಅವನು ಮುಟ್ಟುವಂತಿರಲಿಲ್ಲ. ಹೆಂಡತಿ ಸುಂದರಿ ಧಣಿಗಳ ಬಾವಿಕಟ್ಟೆಯಿಂದ ಹತ್ತು ಮಾರು ದೂರ ಕೊಡಪಾನ ಇಟ್ಟು, ಮನೆಯ ಹೆಂಗಸರು ಯಾರಾದರೂ ಪುರುಸೊತ್ತು ಮಾಡಿಕೊಂಡು ಬಂದು ಸೇದಿ ಸುರಿಯುವ ತನಕ ಬಿಸಿಲು ಕಾಯಬೇಕು. ದೇವರು ನೀರು ಕೊಟ್ಟ, ಮನುಷ್ಯ ಹಗ್ಗ ಕಟ್ಟಿದ.

ವರ್ಷವಿಡೀ ಹೀಗೆ. ಒಂದು ದಿನ ಮಾತ್ರ ಬೇರೆ. ಬಾವಿಯಲ್ಲಿ ನೀರ ಕಣ್ಣು ಒಡೆದ ದಿನ, ಮೊದಲ ಬೊಗಸೆ ತೋಡಿದವನದು. ಅವನು ಕುಡಿದ ಮೇಲೇ ಉಳಿದವರು. ಅಂದು ಧಣಿ ತನ್ನ ಕೈಯಾರೆ ಅವನಿಗೊಂದು ಹೊಲಿಗೆಯಿಲ್ಲದ ಬಟ್ಟೆ ಕೊಡಬೇಕು, ತನ್ನ ಕೈಯಾರೆ ಒಂದು ಊಟ ಬಡಿಸಬೇಕು. ಕೂಲಿ ಬೇರೆ, ಇದು ಬೇರೆ. ಬಟ್ಟೆ ಊಟ ಸಿಗದ ಬಾವಿ ಕೊರಗಪ್ಪನ ಮನೆತನದ ಕಟ್ಟಿನ ಪ್ರಕಾರ ಅರೆಬಾವಿ. ಅರೆಬಾವಿ ಹಿಂದೆ ಬಿಟ್ಟವನು ಮುಂದೆ ಇನ್ನೊಂದು ಕಡೆ ಹಾರೆ ಹಾಕುವಂತಿಲ್ಲ. ಹಾಕಿದರೆ ನೀರು ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ. ನಲವತ್ತೆರಡು ಧಣಿಗಳೂ ಕೊಟ್ಟಿದ್ದರು. ಪ್ರೀತಿಯಿಂದಲ್ಲ, ಬಾವಿ ಬತ್ತೀತೆಂಬ ಹೆದರಿಕೆಯಿಂದ. ಹೆದರಿ ಕೊಟ್ಟರೂ ಬಟ್ಟೆ ಬಟ್ಟೆಯೇ.

ಇಂಥ ಮನುಷ್ಯನನ್ನು ತಂದು ಕಲ್ಲಿದ್ದಲಿನ ಗುಂಡಿಗೆ ಇಳಿಸಿದರು.

ಮೊದಲ ಎರಡು ವರ್ಷ ತೊಂದರೆಯಾಗಲಿಲ್ಲ. ತೋಡುವುದೆಲ್ಲ ಯಂತ್ರ. ಯಂತ್ರದ ಕೈ ಎಟುಕದ ಮೂಲೆ ಕೆರೆಯಲು ಕೊರಗಪ್ಪ. ಎಂಬತ್ತೈದರ ಚಳಿಗಾಲದಲ್ಲಿ ತಳದ ಮೂಲೆಯಲ್ಲಿ ಒಂದು ಚಿಕ್ಕ ಹೊಂಡ ಮಾಡು ಎಂದರು. ಪಿಕ್ಕಾಸು ಎತ್ತಿ ಹಾಕಿದ. ನಾಲ್ಕನೇ ಏಟಿಗೆ ಸದ್ದು ಬದಲಾಯಿತು. ಆ ಸದ್ದು ಅವನ ಬೆನ್ನುಹುರಿಗೆ ಗೊತ್ತು. ಐದನೇ ಏಟಿಗೆ ಕಲ್ಲಿನ ಸಂದಿಯಿಂದ ಬೆರಳು ದಪ್ಪದ ನೀರು ಚಿಮ್ಮಿ ಅವನ ಹೊಟ್ಟೆಗೆ ಬಡಿಯಿತು.

ಕಲ್ಲಿದ್ದಲ ಗಣಿಯಲ್ಲಿ ನೀರು ಬಂತೆಂದರೆ ಸೂತಕ. ಮೇಲಿಂದ ನೋಡುತ್ತಿದ್ದ ಗ್ರಿಮ್‌ಶಾ ತಲೆಯ ಮೇಲಿನ ಹೆಲ್ಮೆಟ್ಟು ತೆಗೆದು ನೆಲದ ಮೇಲೆ ಕುಳಿತುಬಿಟ್ಟ. ಸೈರನ್ ಕೂಗಿತು. ಯಂತ್ರಗಳು ಹಿಂದಕ್ಕೆ ಸರಿದವು. ಪಾಕಿಸ್ತಾನದ ಡ್ರೈವರುಗಳು "ಯಾ ಅಲ್ಲಾ" ಎಂದು ಮೇಲಕ್ಕೆ ಓಡಿದರು. ಕೊರಗಪ್ಪನೂ ಓಡಿದ, ಆದರೆ ಅಡುಗೆಮನೆಗೆ.

"ಸಾಯ್ಬರೇ, ಒಂದು ತೆಂಗಿನಕಾಯಿ ಕೊಡಿ! ಬೆಲ್ಲ ಕೊಡಿ! ಕಣ್ಣು ಒಡೆಯಿತು!"

"ಯಾರ ಕಣ್ಣು?" ಕುಂಞಮ್ಮದ್ ಸೌಟು ಕೆಳಗೆ ಹಾಕಿದರು. "ಆಸ್ಪತ್ರೆಗೆ ಕರ್ಕೊಂಡು ಹೋಗುದು ಬಿಟ್ಟು ತೆಂಗಿನಕಾಯಿ ಯಾಕೆ?"

"ನೀರಿನ ಕಣ್ಣು ಮಾರಾಯ್ರೇ! ಇಂಥ ಮರುಭೂಮಿಯಲ್ಲಿ!"

ಬೆಲ್ಲವಿರಲಿಲ್ಲ, ಖರ್ಜೂರ ಸಿಕ್ಕಿತು. ಕೊರಗಪ್ಪ ಗುಂಡಿಗಿಳಿದು, ಕೋಟಿ ರೂಪಾಯಿಯ ಯಂತ್ರದ ಬಕೆಟ್ಟಿನ ಹಲ್ಲಿಗೆ ಬಡಿದು ತೆಂಗಿನಕಾಯಿ ಒಡೆದ. ಮೊದಲ ಬೊಗಸೆ ಕುಡಿದ. ಅದಕ್ಕೆ ಸೀಮೆಎಣ್ಣೆಯಲ್ಲಿ ಮೊಳೆ ನೆನೆಹಾಕಿದ ರುಚಿಯಿತ್ತು. ಆದರೂ ನುಂಗಿದ, ಹಕ್ಕಲ್ಲವೇ. ಆಮೇಲೆ ಬಾಯಿ ಮೂತಿ ಎಲ್ಲ ಕಪ್ಪಾಗಿ, ಹಲ್ಲು ಬೆಳ್ಳಗೆ ಬಿಟ್ಟುಕೊಂಡು ಮೇಲೆ ಬಂದು, ಅಳುವಂತೆ ಕುಳಿತಿದ್ದ ಗ್ರಿಮ್‌ಶಾನ ಕೈಗೆ ತೆಂಗಿನ ಹೋಳು, ಖರ್ಜೂರ ಇಟ್ಟು, ಎರಡೂ ಕೈ ಚಾಚಿ ನಿಂತ.

"ಇವನಿಗೆ ಏನು ಬೇಕಂತೆ?" ಗ್ರಿಮ್‌ಶಾ ಫಿಲಿಪ್ಪನನ್ನು ಕೇಳಿದ.

ಫಿಲಿಪ್ ಕೊರಗಪ್ಪನನ್ನು ಕೇಳಿ, ಬೆವರು ಒರೆಸಿಕೊಂಡು ಹೇಳಿದ: "ಸರ್, ನೀರು ಹುಡುಕಿಕೊಟ್ಟದ್ದಕ್ಕೆ ಒಂದು ಬಟ್ಟೆ, ಒಂದು ಊಟ."

ಗ್ರಿಮ್‌ಶಾ ಕೊರಗಪ್ಪನ ಮುಖ ನೋಡಿದ. ನಲವತ್ತು ಅಡಿ ಕೆಳಗೆ ಅವನ ಗಣಿ ಮುಳುಗುತ್ತಿತ್ತು. "ಅವನಿಗೆ ಮೂರು ದಿನ ರಜೆ ಕೊಡು," ಎಂದ, "ತಲೆಗೆ ಬಿಸಿಲು ಹೊಡೆದಿದೆ."

ರಜೆ ಉಪಯೋಗಕ್ಕೇ ಬಂತು. ಆ ಮೂರು ದಿನವೂ ಕೊರಗಪ್ಪ ಪಾಯಿಖಾನೆ ಬಿಟ್ಟು ಕದಲಲಿಲ್ಲ.

ನಾಲ್ಕನೇ ದಿನ ಅವನನ್ನು ಪಂಪಿನ ಕೆಲಸಕ್ಕೆ ಹಾಕಿದರು. ನೀರಿನ ಭಾಷೆ ಅವನಿಗೆ ಗೊತ್ತು ಎಂದು ಗ್ರಿಮ್‌ಶಾನಿಗೆ ಅಷ್ಟರಮಟ್ಟಿಗೆ ಅರ್ಥವಾಗಿತ್ತು. ನಲವತ್ತೆರಡು ಬಾವಿಗಳಲ್ಲಿ ನೀರು ತಂದವನ ಕೆಲಸ ಇನ್ನು ನೀರು ಹೊರಗೆ ಚೆಲ್ಲುವುದು. ಮೊದಮೊದಲು ಪಂಪಿನ ಗುಂಡಿ ಒತ್ತುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೆಲವು ತಿಂಗಳಲ್ಲಿ ಕೆಟ್ಟ ನೀರು ಖಾಲಿಯಾಗಿ, ಹೊಳೆಯ ಜಲ್ಲಿಯೊಳಗಿನ ಹಳೆಯ ನೀರು ಒಸರತೊಡಗಿತು. ಅದು ಎಳನೀರಿನ ಹಾಗೆ ಸಿಹಿ.

ಪಂಪಿನ ಪೈಪಿನ ಇನ್ನೊಂದು ತುದಿ ವಾದಿಗೆ, ಆ ಒಣ ಹೊಳೆಗೆ. ಅಲ್ಲಿ ಕೆಳಗೊಂದು ಒಣಗಿದ ಖರ್ಜೂರದ ತೋಟ, ಫಲಜ್ ಎಂದು ಅವರು ಕರೆಯುವ ಕಲ್ಲಿನ ಕಾಲುವೆ, ಅದೂ ಒಣಗಿದ್ದು. ಪೈಪಿನ ನೀರು ಹರಿದ ಮಾರನೇ ದಿನವೇ ಅರುವತ್ತರ ಒಬ್ಬ ಸಣಕಲ ಮುದುಕ ಬಿಳಿ ಅಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಹಿಡಿದು, ಮೊಣಕಾಲಿನ ತನಕ ಕೆಸರಾಗಿ ಕಾಲುವೆ ಬಿಡಿಸುತ್ತ ನಿಂತಿದ್ದ. ಹೆಸರು ಖಲ್ಫಾನ್. ಪ್ರಾಯದಲ್ಲಿ ಸೂರಿನ ಹಾಯಿಹಡಗಿನಲ್ಲಿ ಮಂಗಳೂರು ಬಂದರಿಗೆ ಹೆಂಚು ತರಲು ಹೋಗಿದ್ದನಂತೆ. ಹರಕುಮುರುಕು ಹಿಂದಿ ಬರುತ್ತಿತ್ತು. ಕೊರಗಪ್ಪನದೂ ಅದೇ ಮಟ್ಟದ ಹಿಂದಿ. ಹರಕಿಗೆ ಮುರುಕು ಸೇರಿ ಒಳ್ಳೆಯ ಸ್ನೇಹವಾಯಿತು.

ಮಳೆ ಬಂದು ವಾದಿ ಹರಿದಾಗೆಲ್ಲ ಪೈಪು ಸರಿಸಬೇಕು. ಕೊರಗಪ್ಪ ಕೂಗುತ್ತಿದ್ದ: "ಏ ಖಲ್ಫಾನ್! ಎಂತ ಮಾರಾಯಾ, ನಿದ್ದೆ ಮಾಡುದಾ? ಆ ತುದಿ ಎತ್ತು! ಊಟ ಮಾಡಿಲ್ವಾ ಬೆಳಿಗ್ಗೆ?" ಖಲ್ಫಾನ್ ನಗುತ್ತಾ ಹೆಗಲು ಕೊಡುತ್ತಿದ್ದ. ತಡವಾದರೆ ಬೈಗುಳ. ಜಾರಿದರೆ ಇನ್ನೊಂದು ಬೈಗುಳ. ಗುದ್ದಲಿ ಹಿಡಿದವನು ಗುದ್ದಲಿ ಹಿಡಿದವನನ್ನು ಬೈಯುವ ಹಕ್ಕು ಲೋಕದಲ್ಲೆಲ್ಲ ಇರುವುದೇ. ಕ್ರಮೇಣ ಮುದುಕನೂ ತಿರುಗಿ ಬೈಯಲು ಕಲಿತ. "ಯಲ್ಲಾ ಮಾರಾಯಾ", ಅಂದರೆ ಬೇಗ ನಡಿ ಮಾರಾಯಾ, ಎನ್ನುವುದು ಅವನ ಬಾಯಲ್ಲಿ ಕುಳಿತುಬಿಟ್ಟಿತು.

ಇದೆಲ್ಲ ಸರಿ, ಬಟ್ಟೆ ಊಟದ್ದು? ಅದನ್ನು ಕೊರಗಪ್ಪ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ಎರಡು ವರ್ಷದ ಸಂಬಳ ಕೂಡಿಸಿ ಅವನು ಊರಿನಲ್ಲಿ ಹತ್ತು ಸೆಂಟ್ಸು ಜಾಗ ತೆಗೆದಿದ್ದ, ಸುಂದರಿಯ ಹೆಸರಿಗೆ. ರಜೆಯಲ್ಲಿ ಹೋಗಿ ನೆಲಕ್ಕೆ ಕಿವಿಯಿಟ್ಟು ನೋಡಿದ್ದ. ಹದಿನೆಂಟು ಕೋಲಿಗೆ ನೀರು. ಆದರೆ ವಾದಿ ಸುಮ್ರದ ಅರೆಬಾವಿ ಹಿಂದೆ ಬಾಕಿಯಿರುವಾಗ ಹಾರೆ ಹೇಗೆ ಹಾಕುವುದು?

ಸುಂದರಿ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳು. ಕುಂಞಮ್ಮದ್ ಅವರ ಟೇಪ್ ರೆಕಾರ್ಡರಿನಲ್ಲಿ ಇಡೀ ಮೆಸ್ಸು ಕೇಳುತ್ತಿತ್ತು. "ನಿಮ್ಮ ಆ ಬಟ್ಟೆಗೆ ಬೆಂಕಿ ಬೀಳ! ಇವತ್ತು ಧಣಿಗಳ ಸೊಸೆ ಟಿ.ವಿ. ನೋಡಿ ಮುಗಿಸುವ ತನಕ ಕೊಡಪಾನ ಇಟ್ಟು ನಿಂತೆ. ಸ್ವಂತ ಜಾಗ ಉಂಟು, ಬಾವಿ ತೋಡುವ ಗಂಡ ಉಂಟು, ನೀರಿಲ್ಲ. ಈ ಸಲ ಬಂದು ತೋಡದಿದ್ದರೆ ನಾನು ಬೋರ್‌ವೆಲ್ಲಿನವರನ್ನು ಕರೆಸುತ್ತೇನೆ, ನೋಡಿ!"

ಬೋರ್‌ವೆಲ್ಲಿನ ಮಾತು ಬಂದಾಗ ಕೊರಗಪ್ಪ ಅನ್ನ ಬಿಟ್ಟು ಎದ್ದ. ನೇರ ಫಿಲಿಪ್ಪನ ಮೇಜಿಗೆ ಹೋದ; ತುಳುನಾಡಿನ ರೂಢಿಯಂತೆ ಕ್ರೈಸ್ತನಾದ ಅವನನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದ. "ಪೊರ್ಬುಗಳೇ, ಒಂದು ಅರ್ಜಿ ಬರೆಯಿರಿ."

"ಕೊರಗಪ್ಪಣ್ಣ, ಇದು ಮೂಢನಂಬಿಕೆ ಅಲ್ವಾ?"

"ಕೊಡಬೇಕಾದವನಿಗೆ ಯಾವಾಗಲೂ ಮೂಢನಂಬಿಕೆಯೇ. ನೀವು ಬರೆಯಿರಿ."

ಫಿಲಿಪ್ ಬರೆದ. ಹೊಲಿಗೆಯಿಲ್ಲದ ಹತ್ತಿಯ ಬಟ್ಟೆ, ನಾಲ್ಕು ಮೊಳ, ಒಂದು. ಅನ್ನದ ಊಟ, ಒಂದು. ಎರಡೂ ಧಣಿಯ ಕೈಯಿಂದ. ಗ್ರಿಮ್‌ಶಾ ಓದಿ ಸ್ಟೋರಿಗೆ ಚೀಟಿ ಬರೆದ. ಸ್ಟೋರಿನಿಂದ ಒಂದು ನೀಲಿ ಬಾಯ್ಲರ್ ಸೂಟ್ ಬಂತು. ಕೊರಗಪ್ಪ ಅದನ್ನು ಹಿಂದುಮುಂದು ತಿರುಗಿಸಿ, ಹೊಲಿಗೆಗಳನ್ನು ಎಣಿಸಿ, ವಾಪಸು ಕೊಟ್ಟ. ಮರುವರ್ಷ ಅದೇ ದಿನ ಅದೇ ಅರ್ಜಿ. ಮೈ ಒರೆಸುವ ಒಂದು ಬೈರಾಸು ಬಂತು. "ಬೈರಾಸು ಉಟ್ಟು ಹೆಂಡತಿಯ ಮುಂದೆ ನಿಲ್ಲಬಹುದು, ಊರಿನ ಮುಂದೆ ನಿಲ್ಲಲಿಕ್ಕೆ ಆಗ್ತದಾ?" ಅದೂ ವಾಪಸು. ಅದರ ಮುಂದಿನ ವರ್ಷ ಸ್ಟೋರಿನವನು ಜಾಣತನ ಮಾಡಿ, ಬಂಡೆ ಸಿಡಿಸುವಾಗ ಹಾರಿಸುವ ಕೆಂಪು ಬಾವುಟದ ಬಟ್ಟೆಯನ್ನು ಕೋಲಿನಿಂದ ಬಿಚ್ಚಿ ಕಳಿಸಿದ. ಹೊಲಿಗೆಯಿರಲಿಲ್ಲ, ಉದ್ದವೂ ಸಾಕಷ್ಟಿತ್ತು. ಕೊರಗಪ್ಪ ಅದನ್ನು ಮಡಚಿ ಮೇಜಿನ ಮೇಲಿಟ್ಟ. "ಪೊರ್ಬುಗಳೇ, ಇದು ಹಿಡಿಯುವ ಬಟ್ಟೆ. ಉಡುವ ಬಟ್ಟೆ ಅಲ್ಲ."

ಊಟದ ವಿಷಯದಲ್ಲಿ ಗ್ರಿಮ್‌ಶಾನಿಗೆ ನಿಜವಾಗಿಯೂ ತಲೆ ಕೆಟ್ಟಿತು. "ದಿನಕ್ಕೆ ಮೂರು ಹೊತ್ತು ತಿನ್ನುತ್ತಾನಲ್ಲ! ಅದರ ಖರ್ಚು ಯಾರದು?"

"ಅದು ಕೂಲಿಯ ಊಟ ಅಂತೆ ಸರ್," ಎಂದ ಫಿಲಿಪ್. "ಇದು ಧಣಿ ಬಡಿಸುವ ಊಟ ಅಂತೆ."

"ಹಾಗಾದರೆ ಅವನಿಗೆ ಹೇಳು, ನಾನು ಧಣಿ ಅಲ್ಲ. ನಾನೂ ಸಂಬಳದವನೇ."

ಈ ಉತ್ತರ ಕೊರಗಪ್ಪನಿಗೆ ಹಿಡಿಸಿತು. ಇಷ್ಟು ವರ್ಷ ತಪ್ಪು ಬಾಗಿಲು ತಟ್ಟಿದ್ದಾಯಿತು, ಸರಿ. ಹಾಗಾದರೆ ಈ ಗುಂಡಿಯ ಧಣಿ ಯಾರು?

ಒಂದು ರಜಾದಿನ ಕುಂಞಮ್ಮದ್ ಸಾಮಾನು ತರಲು ಮಸ್ಕತ್ತಿಗೆ ಹೊರಟಾಗ ಕೊರಗಪ್ಪನೂ ಪಿಕಪ್ಪು ಹತ್ತಿದ. ಹಮ್ರಿಯಾದಲ್ಲಿ ಕುಂಞಮ್ಮದ್ ಅವರ ಭಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ ರೂವಿಯ ಹೆಡ್ಡಾಫೀಸಿಗೆ ಹೋದ. ಅಲ್ಲಿನ ಸೋಫಾದಲ್ಲಿ ಕುಳಿತರೆ ಮನುಷ್ಯ ಅರ್ಧ ಹೂತುಹೋಗುತ್ತಿದ್ದ. ಜನರಲ್ ಮ್ಯಾನೇಜರು ಹೇಳಿದ, ಕಂಪೆನಿಗೆ ಧಣಿ ಅಂತ ಇಲ್ಲ, ಷೇರುದಾರರು ಅಂತ ಇದ್ದಾರೆ, ಮುನ್ನೂರು ಜನ. ಮುನ್ನೂರು ಜನ ಒಂದು ಬಟ್ಟೆಯನ್ನು ಹೇಗೆ ಹಿಡಿದು ಕೊಡುತ್ತಾರೆ? ಮತ್ತೆ ಕಫೀಲ್ ಎಂಬ ವೀಸಾದ ಯಜಮಾನನ ಬಳಿಗೆ ಕಳಿಸಿದರು. ಆತ ಸೀಬ್ ಎಂಬ ಊರಿನ ತನ್ನ ಬಂಗಲೆಯಲ್ಲಿ ಕಾಫಿ ಕುಡಿಸಿದ, ಹಲ್ವಾ ತಿನ್ನಿಸಿದ, ತಾನು ಕಾಗದದ ಮೇಲೆ ಮಾತ್ರ ಯಜಮಾನ, ಆ ಗುಂಡಿಯನ್ನು ಇದುವರೆಗೆ ಕಣ್ಣಲ್ಲೂ ನೋಡಿಲ್ಲ ಎಂದ. ಹೋಗುವಾಗ ಒಂದು ಕ್ಯಾಲೆಂಡರು ಕೊಟ್ಟ. ಅದರ ಮೇಲೆ ಅದೇ ಗುಂಡಿಯ ಚಿತ್ರವಿತ್ತು.

ವಾಪಸು ಬರುವಾಗ ಕೊರಗಪ್ಪ ಕ್ಯಾಲೆಂಡರನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕಿದ. ಆಮೇಲೆ ಹೇಳಿದ: "ಸಾಯ್ಬರೇ, ನಮ್ಮ ಊರಿನ ಧಣಿಗಳು ಹಾಳಾದವರು, ಖರೆ. ಆದರೆ ಬೈಯಲಿಕ್ಕೆ ಮುಖ ಅಂತ ಒಂದು ಇತ್ತು."

"ಅದಕ್ಕೇ ಅಲ್ವಾ ಕಂಪೆನಿ ಮಾಡುದು," ಎಂದರು ಕುಂಞಮ್ಮದ್, ಗೇರು ಬದಲಿಸುತ್ತಾ.

ಅಷ್ಟರಲ್ಲಿ ಗಣಿಗೂ ಮುಪ್ಪು ಬಂದಿತ್ತು. ಆ ಕಲ್ಲಿದ್ದಲು ಸುಟ್ಟರೆ ಅರ್ಧಕ್ಕರ್ಧ ಬೂದಿ. ಒಂಟೆಯ ಹಿಕ್ಕೆ ಇದಕ್ಕಿಂತ ಚೆನ್ನಾಗಿ ಉರಿಯುತ್ತದೆ ಎಂದು ಕುಂಞಮ್ಮದ್ ಒಲೆಯಲ್ಲಿಟ್ಟೇ ತೋರಿಸಿದ್ದರು. ಕೊಳ್ಳುತ್ತೇವೆ ಎಂದಿದ್ದ ಕಾರ್ಖಾನೆಗೆ ಗ್ಯಾಸಿನ ಪೈಪು ಬಂತು. ಗುಂಡಿ ಆಳವಾದಷ್ಟೂ ನೀರು ಹೆಚ್ಚಾಯಿತು, ಕರಿ ಪಟ್ಟಿ ತೆಳುವಾಯಿತು. ಕೊನೆಯ ಎರಡು ವರ್ಷ ಒಂದು ಲಾರಿ ಕಲ್ಲಿದ್ದಲಿಗೆ ಐವತ್ತು ಲಾರಿ ನೀರು ಮೇಲೆ ಬರುತ್ತಿತ್ತು. ೧೯೯೪ರ ಜನವರಿಯಲ್ಲಿ ರೂವಿಯಿಂದ ಫ್ಯಾಕ್ಸ್ ಬಂತು. ಖಲಾಸ್. ತಿಂಗಳ ಕೊನೆಗೆ ಗಣಿ ಬಂದ್. ಮೂವತ್ತೊಂದು ಜನರಿಗೆ ಒಟ್ಟಿಗೆ ಟಿಕೇಟು.

ಗ್ರಿಮ್‌ಶಾ ಫ್ಯಾಕ್ಸನ್ನು ಮಡಚಿ ಕಿಸೆಗೆ ಹಾಕಿ, "ಇಲ್ಲಿಗೂ ಬಂತಾ" ಎಂದಷ್ಟೇ ಹೇಳಿದನಂತೆ.

ಹೊರಡುವವರು ಪ್ರತಿಯೊಬ್ಬರೂ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು: ನನಗೆ ಬರಬೇಕಾದದ್ದೆಲ್ಲ ಬಂದಿದೆ, ಯಾವ ಬಾಕಿಯೂ ಇಲ್ಲ. ಮೂವತ್ತೊಂದು ಕಾಗದವೂ ಸೇರಿ ರೂವಿಗೆ ಹೋದ ಮೇಲೇ ಟಿಕೇಟು. ಮೂವತ್ತು ಜನ ಸಾಲಾಗಿ ಬಂದು ಹಾಕಿದರು. ಮೂವತ್ತೊಂದನೆಯವನು ಪೆನ್ನು ಮುಟ್ಟಲಿಲ್ಲ.

"ಬಾಕಿ ಉಂಟು. ಇಲ್ಲ ಅಂತ ಬರೆದರೆ ಸುಳ್ಳು."

"ಕೊರಗಪ್ಪಣ್ಣ, ನಿಮ್ಮ ಕಾಲಿಗೆ ಬೀಳ್ತೇನೆ," ಎಂದ ಫಿಲಿಪ್.

"ಬೀಳಿ. ನೀವೂ ಧಣಿ ಅಲ್ಲ."

ಮೊದಲ ದಿನ ಮೂವತ್ತು ಜನ ನಕ್ಕರು. ಎರಡನೇ ದಿನ ಬೈದರು. ಮೂರನೇ ದಿನ ವಂತಿಗೆ ಎತ್ತಿ ಸೂರಿನಿಂದ ಒಂದು ಒಳ್ಳೆಯ ಮುಂಡು ತರಿಸುತ್ತೇವೆಂದರು. ಕೊರಗಪ್ಪ ಒಪ್ಪಲಿಲ್ಲ, ಕೂಲಿಯವನು ಕೂಲಿಯವನಿಗೆ ಕೊಟ್ಟರೆ ಅದು ಉಡುಗೊರೆ, ಹಕ್ಕಲ್ಲ. ಕುಂಞಮ್ಮದ್ ತಮ್ಮ ಹೊಸ ಲುಂಗಿಯನ್ನೇ ತಂದು ಮುಖದ ಮೇಲೆ ಎಸೆದರು. "ಉಡು, ಸಾಯಿ! ಮಗಳ ಮದುವೆ ಉಂಟು ನನಗೆ ಫೆಬ್ರವರಿಯಲ್ಲಿ!"

"ಲುಂಗಿಗೆ ಹೊಲಿಗೆ ಉಂಟು ಸಾಯ್ಬರೇ. ಬಿಚ್ಚಿದರೂ ತೂತು ಕಾಣ್ತದೆ."

ಪೊಲೀಸರನ್ನು ಕರೆಸಿ ಎಂದು ರೂವಿಯವರು ಫೋನಿನಲ್ಲಿ ಹೇಳಿದರಂತೆ. ಏನೆಂದು ಕರೆಸುವುದು? ಒಬ್ಬ ಮನುಷ್ಯ ಸುಳ್ಳು ಹೇಳಲು ಒಪ್ಪುತ್ತಿಲ್ಲ ಎಂದೇ? ಗ್ರಿಮ್‌ಶಾ ಫೋನು ಇಟ್ಟುಬಿಟ್ಟ. ತನ್ನೂರಿನಲ್ಲಿ ಇಂಥ ಮೊಂಡರನ್ನು ಅವನು ನೋಡಿದ್ದ. ಗಣಿಯ ಮುಷ್ಕರದಲ್ಲಿ ಅವರ ಜೊತೆ ಬೀದಿಯಲ್ಲಿ ಬೆಂಕಿ ಕಾಯಿಸಿದವನೇ ಇರಬೇಕು.

ನಾಲ್ಕನೇ ದಿನ ಫಿಲಿಪ್ ಗಣಿ ಮುಚ್ಚುವ ಫೈಲು ಕಟ್ಟುತ್ತಿದ್ದ. ಎದುರಿನ ಬೆಂಚಿನಲ್ಲಿ ಕೊರಗಪ್ಪ, ಪಂಪಿನ ಗ್ರೀಸು ಒರೆಸಿಕೊಳ್ಳುತ್ತ ಕುಳಿತಿದ್ದ. ಒಂದು ಕಾಗದದ ಮೇಲೆ ಫಿಲಿಪ್ಪನ ಬೆರಳು ನಿಂತಿತು.

"ಕೊರಗಪ್ಪಣ್ಣ. ಇದು ಲೀಸು ಮುಗಿದ ಕಾಗದ. ಕಂಪೆನಿ ಜಾಗವನ್ನು ಬಾಡಿಗೆಗೆ ತಗೊಂಡದ್ದು. ಗುಂಡಿ ಇದ್ದ ಹಾಗೆಯೇ ಮೂಲ ವಾರಸುದಾರನಿಗೆ ವಾಪಸು ಅಂತ ಉಂಟು."

ಕೊರಗಪ್ಪ ಎದ್ದು ನಿಂತ. "ಯಾರು? ಹೆಸರು ಓದಿ."

"ಖಲ್ಫಾನ್ ಬಿನ್ ಹಮೂದ್."

"ಯಾವ ಖಲ್ಫಾನ್?"

"ಇಲ್ಲಿ ಎಷ್ಟು ಖಲ್ಫಾನ್ ಇದ್ದಾರೆ? ನಿಮ್ಮ ಪೈಪು ಹೊರುವವನು."

ಕೊರಗಪ್ಪ ಮತ್ತೆ ಕುಳಿತ. ಬೆಂಚು ಅಲ್ಲಿರಲಿಲ್ಲ, ಎದ್ದಾಗ ಹಿಂದಕ್ಕೆ ಸರಿದಿತ್ತು. ನೆಲದ ಮೇಲೇ ಕುಳಿತ.

ಎಂಟು ವರ್ಷ! ರೂವಿಯ ಸೋಫಾದಲ್ಲಿ ಹುಡುಕಿದ, ಸೀಬಿನ ಬಂಗಲೆಯಲ್ಲಿ ಹುಡುಕಿದ. ಕೆಸರಿನಲ್ಲಿ ಹುಡುಕಲಿಲ್ಲ. ನಲವತ್ತೆರಡು ಬಾವಿ ತೋಡಿದವನು ನಲವತ್ತೆರಡು ಧಣಿಗಳನ್ನು ನೋಡಿದ್ದ. ಎಲ್ಲರೂ ಜಗಲಿಯಲ್ಲಿ ಕುಳಿತವರು, ಒಬ್ಬನ ಕೈಯಲ್ಲೂ ಗುದ್ದಲಿ ಇರಲಿಲ್ಲ. ಗುದ್ದಲಿ ಹಿಡಿದವನು ಧಣಿ ಆಗಬಹುದು ಎಂಬ ಮಾತು ಅವನ ತಲೆಗೆ ಎಲ್ಲಿಂದ ಬರಬೇಕು? ಯಾರು ಹಾಕಿದ್ದರು ಅಂಥ ಮಾತನ್ನು ಆ ತಲೆಗೆ?

"ನಾನು ಅವನ ಹತ್ತಿರ ಪೈಪು ಹೊರಿಸಿದ್ದೇನಲ್ಲ ಪೊರ್ಬುಗಳೇ," ಎಂದ ಸಣ್ಣ ಸ್ವರದಲ್ಲಿ. "ಅವನ ಅಪ್ಪನನ್ನೂ ಬೈದಿದ್ದೇನೆ. ತುಳುವಿನಲ್ಲಿ."

"ತುಳು ಅವನಿಗೆ ಅರ್ಥ ಆಗುದಿಲ್ಲ."

"ಆಗ್ತದೆ. ನಾನೇ ಕಲಿಸಿದ್ದು."

ಆ ದಿನ ಮಧ್ಯಾಹ್ನಕ್ಕೆ ಮೊದಲೇ ಅವನು ಸ್ನಾನ ಮಾಡಿ, ಆ ಇಸ್ತ್ರಿ ಶರ್ಟು ಹಾಕಿ, ಖಲ್ಫಾನನ ತೋಟಕ್ಕೆ ಇಳಿದ. ನೀರು ಬಂದ ಮೇಲೆ ನೆಟ್ಟ ಖರ್ಜೂರದ ಗಿಡಗಳು ಈಗ ಎರಡಾಳು ಎತ್ತರ. ಮುದುಕ ಆಡುಗಳಿಗೆ ಸೊಪ್ಪು ಹಾಕುತ್ತಿದ್ದ. ದಿನವೂ ನೇರ ಬಂದು ಚಾಪೆಯ ಮೇಲೆ ಉರುಳುವ ಕೊರಗಪ್ಪ ಇವತ್ತು ಬೇಲಿಯ ಹೊರಗೆ, ಚಪ್ಪಲಿ ಕಳಚಿ, ಎರಡೂ ಕೈ ಕಟ್ಟಿ ನಿಂತುಬಿಟ್ಟ.

ಖಲ್ಫಾನ್ ನೋಡಿದ. ಗಾಬರಿಯಾದ. "ಎಂತ ಮಾರಾಯಾ? ಹುಷಾರಿಲ್ವಾ? ಮನೆಯಲ್ಲಿ ಯಾರಾದರೂ ಸತ್ತರಾ?"

"ಇಲ್ಲ, ಧಣಿ."

"ಏನಂದೆ?"

ಕೊರಗಪ್ಪ ಹೇಳಿದ. ಕಟ್ಟು ಹೇಳಿದ, ಮೊದಲ ಬೊಗಸೆ ಹೇಳಿದ, ಬಾಯ್ಲರ್ ಸೂಟ್ ಹೇಳಿದ, ಸುಂದರಿಯ ಕೊಡಪಾನ ಹೇಳಿದ. ಬೈದದ್ದಕ್ಕೆ ಮಾಫಿ ಎಂದೂ ಹೇಳಿದ. ಆದರೆ ಮಾಫಿ ಕೇಳಿದವನು ಬಟ್ಟೆ ಕೇಳಬಾರದೆಂದು ಎಲ್ಲೂ ಇಲ್ಲವಲ್ಲ. ಅದನ್ನು ಕೇಳುವಾಗ ಅವನ ಸ್ವರ ಮತ್ತೆ ಗಟ್ಟಿಯಾಯಿತು.

ಖಲ್ಫಾನ್ ಸೊಪ್ಪು ಕೆಳಗೆ ಹಾಕಿದ. ನಗಲಿಲ್ಲ. "ಎಂಟು ವರ್ಷ ನನಗೆ ಹೇಳಲೇ ಇಲ್ಲವಲ್ಲ, ಕತ್ತೆ," ಎಂದ. "ಫಲಜ್ ತೋಡಿದವರಿಗೆ ಏನೂ ಕೊಡದೆ ಕಳಿಸಿದರೆ ನೀರು ಮುನಿಸಿಕೊಳ್ಳುತ್ತದೆ ಎಂದು ನನ್ನ ಅಜ್ಜನೂ ಹೇಳುತ್ತಿದ್ದ. ಕಂಪೆನಿ ಕೊಟ್ಟಿದೆ ಎಂದುಕೊಂಡಿದ್ದೆ."

ಒಳಗೆ ಹೋದ. ಒಮಾನಿಗಳು ಅಂಗಿಯ ಒಳಗೆ ಸೊಂಟಕ್ಕೆ ಸುತ್ತುವ ವಝಾರ್ ಎಂಬ ಬಿಳಿ ಬಟ್ಟೆಯೊಂದನ್ನು ತಂದ. ಅಂಚಿಗೆ ಕೆಂಪು ಪಟ್ಟಿ. ಮಡಿಕೆ ಬಿಚ್ಚದ ಹೊಸದು. ಕೊರಗಪ್ಪ ಅದನ್ನು ಬಿಸಿಲಿಗೆ ಹಿಡಿದು ಉದ್ದಕ್ಕೂ ನೋಡಿದ, ಅಗಲಕ್ಕೂ ನೋಡಿದ. ಮೊಳ ಹಾಕಿದ. ನಾಲ್ಕು ಮೊಳದ ಮೇಲೆ ಒಂದು ಗೇಣು. ಹೊಲಿಗೆಯಿಲ್ಲ.

"ಸರಿ ಉಂಟು," ಎಂದ. ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡ. ಬೆವರು ಎಂದೇ ತಿಳಿಯೋಣ.

ತೊಂದರೆ ಬಂದದ್ದು ಊಟದಲ್ಲಿ. ಆಡು ಕಡಿದು ಅನ್ನದ ದೊಡ್ಡ ಹರಿವಾಣ ಬಂತು, ಇಬ್ಬರು ಹೊತ್ತು ತರುವಂಥದು. ಚಾಪೆಯ ನಡುವೆ ಇಟ್ಟರು. ಕೊರಗಪ್ಪ ಒಂದು ಬದಿಗೆ ಕುಳಿತ. ಎದುರಿಗೆ ಖಲ್ಫಾನ್ ಕುಳಿತ, ಬಿಸ್ಮಿಲ್ಲಾ ಎಂದು ಅದೇ ಹರಿವಾಣಕ್ಕೆ ಕೈ ಹಾಕಿದ.

"ನಿಲ್ಲು ನಿಲ್ಲು!" ಕೊರಗಪ್ಪ ಕೂಗಿದ. "ನೀನು ತಿನ್ನುವ ಹಾಗಿಲ್ಲ! ನೀನು ಬಡಿಸುದು, ನಾನು ತಿನ್ನುದು. ಅದು ಕಟ್ಟು."

"ಅತಿಥಿಯನ್ನು ಒಬ್ಬನೇ ತಿನ್ನಲು ಬಿಡುವುದೇ? ನನ್ನ ಮನೆಯಲ್ಲೇ? ನಾಳೆ ಊರಿನಲ್ಲಿ ಮುಖ ಹೇಗೆ ತೋರಿಸಲಿ?"

"ನಾನು ಅತಿಥಿ ಅಲ್ಲ, ಬಾವಿ ತೋಡಿದವನು!"

"ಬಾವಿ ತೋಡಿದವನಿಗೆ ಹಸಿವಾಗುವುದಿಲ್ವಾ? ಧಣಿಗೆ ಹಸಿವಾಗುವುದಿಲ್ವಾ?"

"ಧಣಿಗಳು ನಮ್ಮ ತಟ್ಟೆಯಲ್ಲಿ ಕೈ ಹಾಕುದಿಲ್ಲ!"

"ಯಾಕೆ?"

ನಲವತ್ತೆರಡು ಊಟ ಅಂಗಳದ ಮೂಲೆಯಲ್ಲಿ, ಎಲೆಗೆ ಎತ್ತರದಿಂದ ಬೀಳುವ ಅನ್ನ ಉಂಡವನು ಕೈ ಎತ್ತಿಕೊಂಡೇ ಕುಳಿತಿದ್ದ. ಆ ಹೊತ್ತಿನಲ್ಲಿ ಖಲ್ಫಾನ್ ಹರಿವಾಣದ ತನ್ನ ಬದಿಯಿಂದ ಎಲ್ಲಕ್ಕಿಂತ ದೊಡ್ಡ ಮಾಂಸದ ತುಂಡು ಎತ್ತಿ, ಮೂಳೆ ಬಿಡಿಸಿ, ಕೊರಗಪ್ಪನ ಮುಂದೆ ಇಟ್ಟ.

"ತಗೋ. ಬಡಿಸಿದೆ. ಇನ್ನು ತಿನ್ನು ಮಾರಾಯಾ, ತಣ್ಣಗಾಗ್ತದೆ."

ಕಾನೂನಿನ ಪ್ರಕಾರ ನೋಡಿದರೆ ಅದು ಧಣಿಯ ಕೈಯಿಂದ ಬಡಿಸಿದ್ದೇ. ಕೊರಗಪ್ಪ ತಿಂದ. ಉಂಡು ಎದ್ದಾಗ ಖಲ್ಫಾನ್ ತನ್ನ ಹೊಸ ಡೀಸೆಲ್ ಪಂಪು ತೋರಿಸಿದ. ಗಣಿಯ ಪಂಪು ನಿಂತ ಮೇಲೆ ಗುಂಡಿ ತುಂಬುತ್ತದಲ್ಲ, ಅಂಚಿನಿಂದ ನೀರೆತ್ತಲು. ಅದನ್ನು ಎಲ್ಲಿ ಕೂರಿಸುವುದು ಎಂದು ಕೊರಗಪ್ಪನೇ ಹೇಳಬೇಕು. ಕೊರಗಪ್ಪ ವಝಾರನ್ನು ತಲೆಗೆ ಸುತ್ತಿ, ಪೈಪಿನ ಒಂದು ತುದಿ ಎತ್ತಿ ಹೆಗಲಿಗೆ ಹಾಕಿದ. ಹಿಂದಿನಿಂದ ಕೂಗು ಬಂತು: "ಯಲ್ಲಾ! ನಿದ್ದೆ ಮಾಡುದಾ? ಊಟ ಮಾಡಿಲ್ವಾ?"

ಮಾರನೇ ಬೆಳಿಗ್ಗೆ ಅವನು ಅದೇ ವಝಾರ್ ಉಟ್ಟು, ಮೇಲೆ ಇಸ್ತ್ರಿ ಶರ್ಟು ಹಾಕಿ ಆಫೀಸಿಗೆ ಬಂದ. ಮೂವತ್ತು ಜನ ಬಾಗಿಲಲ್ಲಿ ಗುಂಪುಕಟ್ಟಿದ್ದರು.

"ಕಾಗದ ಕೊಡಿ ಪೊರ್ಬುಗಳೇ. ಈಗ ಸುಳ್ಳಲ್ಲ. ಕಂಪೆನಿಯಿಂದ ನನಗೆ ಬಾಕಿ ಇಲ್ಲ. ಕಂಪೆನಿ ಧಣಿಯೇ ಅಲ್ಲ, ಹತ್ತು ವರ್ಷ ನನ್ನ ಜೊತೆ ಬಾವಿ ತೋಡಿದ್ದು, ಅಷ್ಟೆ. ಅದಕ್ಕೆ ಯಾರಾದರೂ ಬಟ್ಟೆ ಕೊಟ್ಟರಾ ಕೇಳಿ, ಪಾಪ."

ಫಿಲಿಪ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಗ್ರಿಮ್‌ಶಾ ಮೊದಲ ಸಲ ಗಟ್ಟಿಯಾಗಿ ನಕ್ಕ, ಕೆಮ್ಮು ಬರುವಷ್ಟು. ಕುಂಞಮ್ಮದ್ ಆಗಲೇ ಪೆಟ್ಟಿಗೆಗೆ ಹಗ್ಗ ಬಿಗಿಯಲು ಓಡಿದ್ದರು.

ಕೊರಗಪ್ಪ ಸಹಿ ಹಾಕಿದ. ಸಹಿಯ ಕೆಳಗೆ ಷರಾ ಎಂದು ನಾಲ್ಕು ಗೆರೆ ಖಾಲಿಯಿತ್ತು. ಏನೂ ಇಲ್ಲ ಎಂದು ಬರೆದರೆ ಸಾಕು ಎಂದ ಫಿಲಿಪ್. ಆದರೆ ಬಾವಿ ಒಪ್ಪಿಸುವಾಗ ಹೇಳಬೇಕಾದದ್ದನ್ನು ಹೇಳದೆ ಹೋಗುವುದು ಎಲ್ಲಿಯಾದರೂ ಉಂಟೇ? ಅವನು ನಾಲಿಗೆ ಕಚ್ಚಿಕೊಂಡು, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ನಾಲ್ಕೂ ಗೆರೆ ತುಂಬಿಸಿದ. ರೂವಿಯಲ್ಲಿ ಅದನ್ನು ಓದಲು ಯಾರಿಗೂ ಬರಲಿಲ್ಲ. ಮುದ್ರೆ ಒತ್ತಿ, ಗಣಿಯ ಫೈಲಿನ ಕೊನೆಯ ಹಾಳೆಯಾಗಿ ಕಟ್ಟಿ ಇಟ್ಟರು:

"ಬಾವಿ ಪೂರ್ತಿ ಆಗಿದೆ. ಆಳ ಐವತ್ತು ಕೋಲು. ನೀರು ಸಿಹಿ, ಬೇಸಿಗೆಗೂ ಬತ್ತುವುದಿಲ್ಲ. ಮೂಡು ಬದಿಯ ಮಣ್ಣು ಸಡಿಲ ಉಂಟು, ಆ ಕಡೆ ಆಡು ಬಿಡಬಾರದು."